ಆನೆ ಹೋದ ಮೇಲಿನ ಕಾವಲು

ಕೆಲಮಂಗಲದ ಕನ್ನಡ ಶಾಲೆಯ ಇತಿಹಾಸದ ಮೇಷ್ಟ್ರು ತಿಮ್ಮರಾಜು ಅವತ್ತು ಬೆಳಿಗ್ಗೆ ಆ ಪಾಠ ಮಾಡದೆ ಇದ್ದಿದ್ದರೆ ಸಂಜೆ ನೆಮ್ಮದಿಯಾಗಿ ಕಾಫಿ ಕುಡಿಯುತ್ತಿದ್ದರು.

ಪಾಠ ಎರಡನೇ ಮಹಾಯುದ್ಧದ ನಂತರದ ರಷ್ಯಾದ್ದು. "ಜರ್ಮನಿಯೋರ್ನ ಓಡ್ಸಕ್ಕೆ ಅಂತ ಇವ್ರ ಸೈನ್ಯ ಪೋಲೆಂಡಿಗೆ ಬಂತು, ಹಂಗೇರಿಗೆ ಬಂತು. ಓಡ್ಸ್ತು, ಆದ್ರೆ ವಾಪಸ್ ಹೋಗ್ಲಿಲ್ಲ. ಎಲ್ಲಾ ಪಕ್ಷ ಸೇರ್ಸಿ ಸರ್ಕಾರ ಮಾಡಿ, ಪೊಲೀಸ್ ಇಲಾಖೆ ಮಾತ್ರ ತಮ್ಮೋರ ಕೈಗೆ ಕೊಟ್ರು. ಆಮೇಲೆ ಚುನಾವಣೆ, ಒಂದೇ ಪಟ್ಟಿ. ಕೊನೆಗೆ ಹೊಲ, ಕಾರ್ಖಾನೆ ಎಲ್ಲಾ ಸರ್ಕಾರದ್ದು."

ಸಂಜೆ ಬಸ್ಸಿಳಿದು ಊರಿಗೆ ನಡೆದು ಬರುವಾಗ ತಮ್ಮ ಹೊಲದ ಪಕ್ಕದ ರಾಮಮೂರ್ತಿಯ ರಾಗಿ ಹೊಲದ ಅಟ್ಟಣೆಯ ಮೇಲೆ ಐದು ಜನ ದೊಣ್ಣೆ ಹಿಡಿದು ಕೂತಿದ್ದರು. ಮೇಲೊಂದು ಕೆಂಪು ಬಾವುಟ.

ಅವರು ಕೆಂಪರಾಜುವಿನ ಆಳುಗಳು. ಇಪ್ಪತ್ತು ಎಕರೆಯ ಕೆಂಪರಾಜು ಊರಿನ ಹಳೇ ಕಮ್ಯುನಿಸ್ಟ್. ತನ್ನ ಇಪ್ಪತ್ತು ಎಕರೆ ಬಿಟ್ಟು ಮಿಕ್ಕಿದ್ದೆಲ್ಲ ಎಲ್ಲರದೂ ಅನ್ನುವ ಪೈಕಿ. ಹೋದ ತಿಂಗಳು ಆನೆ ಹಿಂಡು ರಾಗಿಗೆ ನುಗ್ಗಿದಾಗ ತಮಟೆ, ಪಟಾಕಿ, ಟ್ರ್ಯಾಕ್ಟರ್ ಸಮೇತ ಬಂದು ಓಡಿಸಿದ್ದ. ಆನೆಗಳು ಜವಳಗಿರಿ ಕಾಡು ಸೇರಿ ಹತ್ತು ದಿನವಾಗಿತ್ತು. ಮೇಷ್ಟ್ರು ಬದುವಿನಲ್ಲಿ ಸಿಕ್ಕ ರಾಮಮೂರ್ತಿಯನ್ನು ಕೇಳಿದರು.

"ರಾಮಮೂರ್ತಣ್ಣ, ಆನೆ ಹೋಗ್ಬುಟ್ವಲ್ಲ, ಇವ್ರ್ಯಾಕೆ ಇನ್ನೂ ಅವ್ರೆ?"

"ಮತ್ತೆ ಬಂದ್ರೆ ಅಂತ ಮೇಷ್ಟ್ರೇ. ಕಾವಲು ಸಂಘ ಮಾಡವ್ರೆ, ನಾವೆಲ್ಲಾ ಸೇರಿದೀವಿ. ನನ್ ಬೋರು ಸಂಘಕ್ಕೆ ಕೊಟ್ಬುಟ್ಟೆ."

"ನನ್ ಗೇಟಿನ ಬೀಗದಕೈನೂ ಅವ್ರತ್ರಾನೇ ಐತೆ," ಅಂದಳು ಆಚೆ ಹೊಲದ ಅಂಜಮ್ಮ. "ಈಗ ನಮ್ ಹೊಲಕ್ಕೆ ನಾವು ಹೋಗ್ಬೇಕಾದ್ರೂ ಕೇಳ್ಬೇಕು ಕಣಪ್ಪ."

ಅಯ್ಯೋ ದೇವರೇ, ಒಂದು ಪೋಲೆಂಡ್, ಇನ್ನೊಂದು ಹಂಗೇರಿ! ಮೇಷ್ಟ್ರು ಓಡುತ್ತಲೇ ಮನೆಗೆ ಬಂದರು. ಹೆಂಡತಿ ವನಿತಾ ಬಾಗಿಲಲ್ಲೇ ನಿಂತಿದ್ದಳು.

"ಆರು ಗಂಟೆಗೆ ಸಂಘದ ಚುನಾವಣೆ ಅಂತೆ. ನಮ್ ಬೋರಿನ ಸ್ವಿಚ್ ಪೆಟ್ಟಿಗೆ ಬೀಗದಕೈ ಕೇಳ್ಕೊಂಡು ಬಂದಿದ್ರು. ನನ್ ಬಳೆ ಮಾರಿ ಹಾಕ್ಸಿದ್ ಬೋರು ಕಣ್ರೀ ಅದು. ಕೊಟ್ರೆ ನೀವು ಮನೆಗೇ ಬರ್ಬೇಡಿ!"

ಬೀಗದಕೈಯನ್ನು ಒಳಜೇಬಿನಲ್ಲಿಟ್ಟುಕೊಂಡು ಮೇಷ್ಟ್ರು ಹುಣಸೆಮರದ ಕೆಳಗಿನ ಸಭೆಗೆ ಹೋದರು. ಬಂದವರಿಗೆಲ್ಲ ಟೀ, ವಡೆ. ಹಿಂದೆ ದೊಣ್ಣೆಯ ಐವರು.

"ಸಂಘಕ್ಕೆ ಒಂದೇ ಪಟ್ಟಿ, ವಿರೋಧ ಇರೋರು ಕೈ ಎತ್ತಿ," ಅಂದ ಕೆಂಪರಾಜು.

ಊರಿಗೆ ಊರೇ ವಡೆ ನೋಡುತ್ತಾ ಕೂತಿತು. ಮೇಷ್ಟ್ರು ಒಳಜೇಬನ್ನು ಮುಟ್ಟಿ ನೋಡಿಕೊಂಡರು. ದೊಣ್ಣೆಗೆ ಹೆದರುವುದೋ ವನಿತಾಳಿಗೆ ಹೆದರುವುದೋ! ಕಣ್ಣು ಮುಚ್ಚಿ ಕೈ ಎತ್ತಿಯೇಬಿಟ್ಟರು. ಬಾಯಿಗೆ ಬಂದದ್ದು ಬೆಳಗಿನ ಪಾಠ. ಸೈನ್ಯ ಹೇಗೆ ಉಳಿಯಿತು, ಪೊಲೀಸ್ ಯಾರ ಕೈಗೆ ಹೋಯಿತು, ವಿರೋಧಿಸಿದವರನ್ನು ಒಬ್ಬೊಬ್ಬರನ್ನಾಗಿ ಹೇಗೆ ಮೂಲೆಗೆ ತಳ್ಳಿದರು, ಒಂದೂ ಬಿಡಲಿಲ್ಲ. "ಇಲ್ಲೂ ಅದೇ ಆಗ್ತೈತೆ, ಎಚ್ಚರ!" ಎಂದು ಮುಗಿಸಿದರು.

ಕೆಂಪರಾಜು ಎದ್ದು ಹತ್ತಿರ ಬಂದ. ಮೇಷ್ಟ್ರು ತಲೆಯ ಮೇಲೆ ಕೈಯಿಟ್ಟುಕೊಂಡರು. ಅವನು ಬಾಚಿ ತಬ್ಬಿಕೊಂಡ.

"ಎಲ್ಲಿದ್ರಿ ಮೇಷ್ಟ್ರೇ ಇಷ್ಟು ದಿನ! ಬೋರು ಆಯ್ತು, ಗೇಟು ಆಯ್ತು, ಮುಂದಕ್ಕೇನು ಮಾಡೋದು ಅಂತ ಗೊತ್ತಾಗ್ದೆ ಒದ್ದಾಡ್ತಿದ್ದೆ. ನಿಮ್ಗೆ ಒಂದೊಂದು ಮೆಟ್ಲೂ ಬಾಯಿಪಾಠ ಐತೆ! ಲೇ, ಸಂಘಕ್ಕೆ ಅಧ್ಯಕ್ಷರು, ತಲೈವರ್ ಸಿಕ್ಬುಟ್ರು ಕಣ್ರಲಾ, ಹಾರ ತನ್ನಿ!"

"ನಾನು... ನಾನು ಬೇಡ ಅಂತ..."

"ವಿರೋಧ ಇರೋರು ಕೈ ಎತ್ತಿ!"

ಎತ್ತಲು ಹೋದ ಮೇಷ್ಟ್ರ ಎರಡು ಕೈಯನ್ನೂ ಇಬ್ಬರು ಹಿಡಿದು ಜೋಡಿಸಿ ಜನಕ್ಕೆ ನಮಸ್ಕಾರ ಮಾಡಿಸಿದರು. ಚಪ್ಪಾಳೆ ಬಿತ್ತು. ಅಧ್ಯಕ್ಷರೇ ಮೊದಲು ಮಾದರಿಯಾಗಬೇಕು ಎಂದು ಬೋರನ್ನು ಸಂಘಕ್ಕೆ ಬಿಟ್ಟುಕೊಡುವ ಕಾಗದ ಮುಂದೆ ಬಂತು. ಅಂಜಮ್ಮ ರಾಮಮೂರ್ತಿಯ ಕಿವಿಯಲ್ಲಿ, "ನೋಡ್ದಾ, ಇದಕ್ಕೆಲ್ಲಾ ಈ ಮೇಷ್ಟ್ರೇ ಮೂಲ," ಅಂದಳು.

ಮನೆಗೆ ಬಂದಾಗ ವನಿತಾ ಕೊರಳ ಹಾರವನ್ನೂ ಬರಿದಾದ ಒಳಜೇಬನ್ನೂ ನೋಡಿದಳು. "ಏನಾಯ್ತ್ರೀ?"

ಮೇಷ್ಟ್ರು ಹೊಸ್ತಿಲಾಚೆಯೇ ನಿಂತರು.

"ಅವಿರೋಧವಾಗಿ ಗೆದ್ದೆ ಕಣೇ."