ಗೇಟು ದಾಟದ ಕರೆಂಟು ಕಾರು

ಯಾವ ಕೆಲಸವನ್ನಾದರೂ ಎಲ್ಲರಿಗಿಂತ ಮೊದಲು ಮಾಡಿದವನಿಗೆ ಸಿಗುವುದು ಕೀರ್ತಿಯಲ್ಲ, ಸುಸ್ತು. ಬ್ರೂಕ್‌ಫೀಲ್ಡಿನ ನಮ್ಮ ಅಪಾರ್ಟ್‌ಮೆಂಟಿಗೆ ಮೊದಲ ಕರೆಂಟು ಕಾರು ತಂದವನು ನಾನು. ಎರಡೇ ಬಾಗಿಲಿನ ಪುಟ್ಟ ಕಾರು. ಅದರ ಬ್ಯಾಟರಿಗಳಿಗೆ ಆಗಾಗ ಡಿಸ್ಟಿಲ್ಡ್ ವಾಟರ್ ಕುಡಿಸಬೇಕಿತ್ತು. ತುಳಸಿಗೆ ಒಂದು ಚೊಂಬು ನೀರು ಹಾಕಲು ಬಾರದ ಕೈ ಇದಕ್ಕೆ ಮಾತ್ರ ಹೇಗೆ ಬರುತ್ತದೋ ಎಂದು ಹೆಂಡತಿ ಗೊಣಗುತ್ತಿದ್ದಳು. ಸದ್ದೇ ಇಲ್ಲದ ಕಾರಾದ್ದರಿಂದ, ಕೆಟ್ಟು ನಿಂತಿದೆ ಎಂದುಕೊಂಡು ಸಿಗ್ನಲ್ಲಿನಲ್ಲಿ ಯಾರಾದರೂ ಪುಣ್ಯಾತ್ಮರು ಹಿಂದಿನಿಂದ ತಳ್ಳಿಬಿಡುತ್ತಿದ್ದರು. ರಾಯಚೂರಿನ ಕಡೆಯ ನಮ್ಮ ವಾಚ್‌ಮನ್ ಬಸಣ್ಣನಂತೂ ದಿನಾ ಗೇಟಿನವರೆಗೆ ತಳ್ಳುತ್ತಿದ್ದ. ಅಷ್ಟು ಚಾರ್ಜು ಉಳಿಯಿತಲ್ಲ ಎಂದು ನಾನೂ ಸುಮ್ಮನಿರುತ್ತಿದ್ದೆ.

ಈಗ ಬೇಸ್‌ಮೆಂಟಿನ ತುಂಬ ಹೊಸ ಕರೆಂಟು ಕಾರುಗಳು. ನನ್ನ ಕಾರು ನಿಲ್ಲುವ ಕಂಬದ ಚಾರ್ಜಿಂಗ್ ಪ್ಲಗ್ಗು ಕಿತ್ತು ಆ ಲೈನನ್ನು ಪಕ್ಕದವರಿಗೆ ಕೊಡಬೇಕು, ಹಳೆಯ ಕಾರು ಗುಜರಿಗೆ ಹೋಗಬೇಕು ಎಂದು ಸಂಘದವರು ಸಭೆ ಕರೆದರು. ಎದ್ದು ನಿಂತು ಚರಿತ್ರೆ ಹೇಳಿದೆ. ಪೆಟ್ರೋಲು ಕಾರನ್ನು ಹ್ಯಾಂಡಲ್ ತಿರುವಿ, ಮಣಿಕಟ್ಟು ಮುರಿದುಕೊಂಡು ಶುರು ಮಾಡುತ್ತಿದ್ದ ಕಾಲದಲ್ಲೇ, ಅಂದರೆ ನೂರು ವರ್ಷಕ್ಕೂ ಹಿಂದೆ, ಪರದೇಶದ ಪಟ್ಟಣಗಳಲ್ಲಿ ಕರೆಂಟು ಕಾರುಗಳು ಓಡಾಡುತ್ತಿದ್ದವು; ಹ್ಯಾಂಡಲ್ ತಿರುವುವ ಕಷ್ಟ ತಪ್ಪಿ, ಊರಾಚೆಗೂ ಒಳ್ಳೆಯ ರಸ್ತೆಗಳಾದ ಮೇಲೆ ಪೆಟ್ರೋಲು ಗೆದ್ದಿತು; ಆ ಸೋತ ವಂಶದ ಕುಡಿಯೇ ನನ್ನ ಕಾರು ಎಂದೆ. ಇಬ್ಬರು ಆಕಳಿಸಿದರು. ಸೆಕ್ರೆಟರಿ ಮುನಿಯಪ್ಪನವರು ಮಾತ್ರ ಕೊನೆಯವರೆಗೂ ಕೇಳಿದರು. ಈ ಕಟ್ಟಡ ಎದ್ದಿರುವುದೇ ಅವರ ರಾಗಿ ಹೊಲದಲ್ಲಿ. ಹಾಗಾಗಿ ಇಲ್ಲಿ ಕೊನೆಯ ಮಾತು ಯಾವಾಗಲೂ ಅವರದೇ.

"ಅಲ್ಲಾ ಸಾರ್, ನೂರು ವರ್ಸದ ಇಂದೇನೇ ಊರೆಲ್ಲಾ ಸುತ್ತುತಿತ್ತು ಅಂತೀರಾ. ನಿಮ್ದು ಯಾಕೆ ಎಂಟು ತಿಂಗ್ಳಿಂದ ಗೇಟೇ ದಾಟಿಲ್ಲ?"

ಉತ್ತರ ಸಭೆಯಲ್ಲಿ ಹೇಳುವಂಥದ್ದಲ್ಲ; ಕುರ್ಚಿ ಎಳೆದು ಕೂತುಬಿಟ್ಟೆ. ಬ್ಯಾಟರಿ ಸತ್ತು ಎಂಟು ತಿಂಗಳಾಗಿದೆ. ಬಸ್ಸಿನಲ್ಲಿ ಆಫೀಸಿಗೆ ಹೋಗಿ ಸಂಜೆ ಬಂದವನು, ಮೇಲೆ ಮನೆಗೆ ಹೋಗುವ ಮೊದಲು ಅರ್ಧ ಗಂಟೆ ಆ ಕಾರಿನಲ್ಲಿ ಕಣ್ಣು ಮುಚ್ಚಿ ಕೂರುತ್ತೇನೆ. ಬೇಸ್‌ಮೆಂಟಿನಲ್ಲಿ ನೆಟ್‌ವರ್ಕ್ ಸಿಗದ ಕಾರಣ ಮ್ಯಾನೇಜರನ ಫೋನು ಬರುವುದಿಲ್ಲ. ಮನೆಯಲ್ಲಿ ನಾನಿನ್ನೂ ಟ್ರಾಫಿಕ್ಕಿನಲ್ಲಿದ್ದೇನೆ ಎಂದುಕೊಂಡಿರುತ್ತಾರೆ. ಇಡೀ ದಿನದಲ್ಲಿ ನನ್ನದು ಅಂತ ಇರುವುದು ಅದೊಂದೇ ಅರ್ಧ ಗಂಟೆ. ಅದೂ ಹೋದರೆ ನಾನೂ ಗುಜರಿಯೇ.

ನಾನು ಕೂತುಬಿಟ್ಟದ್ದು ಕಂಡು ಮುನಿಯಪ್ಪನವರಿಗೆ ಕನಿಕರ ಬಂದಿರಬೇಕು. ಲೈನು ಪಕ್ಕದವರಿಗೆ ಹೋಗಲಿ, ಕಾರು ಪಾಪ ಅಲ್ಲೇ ಇರಲಿ ಎಂದು ತೀರ್ಪು ಕೊಟ್ಟರು. ನನಗೆ ಬೇಕಾಗಿದ್ದದ್ದು ಅಷ್ಟೇ. ಆದರೂ ಚರಿತ್ರೆಗೆ ದೊಡ್ಡ ಅನ್ಯಾಯವಾಯಿತೆಂಬಂತೆ ಮುಖ ಸಪ್ಪೆ ಮಾಡಿಕೊಂಡು, ಸಭೆ ಮುಗಿಯುವವರೆಗೂ ಕೂತಿದ್ದೆ.