ಭಾಗವಾಗದ ಜಾಗ

ಅಬ್ಬಿಗೆರೆಯ ಮುನಿರಾಜುವಿಗೆ ಗಣಿತದ ಮೇಲೆ ಪ್ರೀತಿ ಹುಟ್ಟಿದ್ದು ಐವತ್ತು ದಾಟಿದ ಮೇಲೆ, ಅದೂ ಒಂದು ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುವಾಗ.

ಅಪ್ಪನ ಕಾಲದ ರಾಗಿ ಹೊಲವನ್ನು ಅವನು ಕ್ರಿಕೆಟ್ ಮೈದಾನ ಮಾಡಿ, ರಜೆಯ ದಿನ ಆಫೀಸು ಹುಡುಗರಿಗೆ ಬಾಡಿಗೆಗೆ ಬಿಡುತ್ತಿದ್ದ. ಅವರು 'ಓನರ್ ಸಾರ್' ಎಂದರೆ ಅವನಿಗೆ ಮಧ್ಯಾಹ್ನದ ಊಟವೂ ಬೇಡ. ಈಗ ತಮ್ಮ ಬಾಲರಾಜು ಮತ್ತು ಎಲ್ಲರಿಗಿಂತ ಕಿರಿಯಳಾದ ತಂಗಿ ಮಾಲಾ ಪಾಲು ಕೇಳಿ, ಅವತ್ತೇ ಪಂಚಾಯ್ತಿ ಸೇರಿಸಿದ್ದರು. ಮೂರು ಪಾಲಾದರೆ ಬೌಂಡರಿ ಎಲ್ಲಿಂದ ತರುವುದು? ಪಾಪ, ಕಾಫಿ ಲೋಟ ಹಿಡಿದುಕೊಂಡೇ ಅಂಗಳದಲ್ಲಿ ಶತಪಥ ಹಾಕಿದ.

ಪಕ್ಕದ ಮನೆಯ ವೀರಬಸಪ್ಪ ನಿವೃತ್ತ ಗಣಿತದ ಮೇಷ್ಟ್ರು. ಕಾಂಪೌಂಡಿನ ಆಚೆಯಿಂದಲೇ ಜಾಗದ ಅಳತೆ ವಿಚಾರಿಸಿದರು. ಒಂದು ಲಕ್ಷದ ಮೂರು ಚದರಡಿ ಎಂದ ಕೂಡಲೇ ಅವರ ಕಣ್ಣು ಅರಳಿತು.

"ಇದು ಅವಿಭಾಜ್ಯ ಸಂಖ್ಯೆ ಕಣಯ್ಯಾ ಮುನಿರಾಜು. ಎರಡು, ಮೂರು, ಏಳು, ಹನ್ನೊಂದು, ಯಾವುದ್ರಿಂದ ಭಾಗಿಸಿದ್ರೂ ಶೇಷ ಉಳಿಯುತ್ತೆ."

ಮುಂದಿನ ಮಾತಿಗೆ ಮುನಿರಾಜು ನಿಲ್ಲಲಿಲ್ಲ. ಕಾಫಿ ಲೋಟವನ್ನು ಮೇಷ್ಟ್ರ ಕೈಗೇ ಕೊಟ್ಟು ಓಡಿದ.

ಮೈದಾನದ ತಗಡಿನ ಶೆಡ್ಡಿನಲ್ಲಿ ಊರ ಹಿರಿಯ ಲಕ್ಕಣ್ಣ ಆಗಲೇ ಕುರ್ಚಿ ಹಾಕಿಸಿಕೊಂಡಿದ್ದ. ಈ ಜಾಗ ಭಾಗವೇ ಆಗದು, ಗಣಿತವೇ ಒಪ್ಪದು ಎಂದು ಮುನಿರಾಜು ಎದೆಯುಬ್ಬಿಸಿ ಸಾರಿದ. ನೋಡಲು ಬಂದವರೆಲ್ಲ ಮೊಬೈಲ್ ತೆಗೆದು ಭಾಗಿಸತೊಡಗಿದರು. ಎದುರುಮನೆ ರತ್ನಕ್ಕ ತನ್ನ ಮದುವೆಯ ತಾರೀಕು ಹದಿನೇಳರಿಂದಲೂ ಭಾಗಿಸಿ ನೋಡಿದಳು. ಊಹೂಂ.

ಮೂರರಿಂದ ಭಾಗಿಸಿದರೆ ಉಳಿಯುವುದು ಒಂದೇ ಅಡಿ, ಅದನ್ನು ಬಿಟ್ಟುಹಾಕೋಣ ಎಂದ ಬಾಲರಾಜು. ಅಲ್ಲೇ ಕೆಟ್ಟ. ಅಲ್ಲಿ ಕೂತಿದ್ದ ಅರ್ಧ ಜನ ಅಡಿ ಜಾಗಕ್ಕೆ ಕೋರ್ಟು ಹತ್ತಿದವರು. ಒಂದಡಿ ಬಿಡೋದಾ ಎಂದು ಎಲ್ಲರೂ ಅವನ ಮೇಲೆ ಬಿದ್ದರು. ಮುನಿರಾಜು ಒಳಗೊಳಗೇ ಕುಣಿದ.

ಲಕ್ಕಣ್ಣ ಮೇಷ್ಟ್ರನ್ನು ಕರೆಸಿದ.

"ಯಾತರಿಂದ್ಲೂ ಭಾಗ ಆಗಾಕಿಲ್ವಾ ಮೇಷ್ಟ್ರೇ?"

"ಅದೇ ಸಂಖ್ಯೆಯಿಂದ ಆಗುತ್ತೆ. ಆದ್ರೆ ಇವರ ಮನೇಲಿ ಲಕ್ಷ ಜನ ಇಲ್ವಲ್ಲ. ಇನ್ನು ಒಂದರಿಂದ ಆಗುತ್ತೆ, ಏನೂ ಉಳಿಯಲ್ಲ."

"ಅಂಗಾರೆ ಒಂದೇ ಪಾಲು," ಎಂದ ಲಕ್ಕಣ್ಣ.

ಹಿರಿಯ ಮಗನಾದ ಮುನಿರಾಜು ಮೀಸೆ ನೀವಿಕೊಂಡ.

"ನಮ್ಮೂರ್ ಪದ್ಧತಿ ಗೊತ್ತಲ್ಲ," ಲಕ್ಕಣ್ಣ ಮುಂದುವರಿಸಿದ. "ಪಾಲು ಮಾಡಾದು ಹಿರಿಯ, ಮೊದ್ಲು ಎತ್ಕೊಳಾದು ಕಿರಿಯರು. ಮಾಲಾ, ಯಾವ್ದು ಬೇಕೋ ಆರಿಸ್ಕೊಳವ್ವ."

ಮಾಲಾ ಹೆಚ್ಚು ಯೋಚಿಸಲಿಲ್ಲ. ಎದ್ದು ಬಂದು, ಗೇಟಿನ ಬೀಗದ ಕೈಗಾಗಿ ಅಣ್ಣನ ಮುಂದೆ ಕೈ ಚಾಚಿದಳು. ಬಾಲರಾಜು ನೆಲದ ಮೇಲೆ ಕೂತುಬಿಟ್ಟ. ಮುನಿರಾಜು ಮೇಷ್ಟ್ರ ತೋಳು ಹಿಡಿದುಕೊಂಡ.

"ಮೇಷ್ಟ್ರೇ, ನಿಮ್ಮ ದಮ್ಮಯ್ಯ, ಮೂರರಿಂದ ಇನ್ನೊಂದ್ ಸಲ ಭಾಗಿಸಿ ನೋಡಿ. ಸ್ವಲ್ಪ ನಿಧಾನಕ್ಕೆ."