ನಮ್ಮ ಮನೆಯಲ್ಲಿ ತಿಗಣೆ ಇಲ್ಲ

ಮನುಷ್ಯ ತನ್ನ ಮನೆಯ ಎಷ್ಟೋ ಸಂಗತಿಗಳನ್ನು ಊರಿಗೆಲ್ಲ ಹೇಳಿಕೊಳ್ಳುತ್ತಾನೆ. ಮೂಲವ್ಯಾಧಿಯ ವಿವರಗಳನ್ನು ಬಸ್ಸಿನಲ್ಲಿ ಪಕ್ಕ ಕುಳಿತ ಅಪರಿಚಿತನಿಗೂ ಬಿಡಿಸಿ ಹೇಳುತ್ತಾನೆ. ತಮ್ಮನೊಂದಿಗೆ ಮಾತು ಬಿಟ್ಟದ್ದನ್ನು ಚಹಾದಂಗಡಿಯಲ್ಲಿ ಕೂತು ಸವಿಸ್ತಾರವಾಗಿ ವರ್ಣಿಸುತ್ತಾನೆ. ಆದರೆ "ನಮ್ಮನ್ಯಾಗ ತಗಣಿ ಆಗ್ಯಾವ್ರಿ" ಎಂದು ತಾನಾಗಿ ಬಾಯಿಬಿಟ್ಟವನನ್ನು ನಾನಂತೂ ಕಂಡಿಲ್ಲ. ಯಾರನ್ನು ಕೇಳಿದರೂ ಅವರ ಮನೆಯಲ್ಲಿ ತಿಗಣೆ ಇಲ್ಲ, ಹಿಂದೆ ಇರಲಿಲ್ಲ, ಅದು ನೋಡಲು ಹೇಗಿರುತ್ತದೆ ಎನ್ನುವುದೂ ಅವರಿಗೆ ಗೊತ್ತಿಲ್ಲ. ಹಾಗಾದರೆ ಯಾರ ಮನೆಯಲ್ಲೂ ಇಲ್ಲದ ಪ್ರಾಣಿ ನಮ್ಮ ಮನೆಗೆ ಬಂದದ್ದಾದರೂ ಎಲ್ಲಿಂದ? ಈ ಪ್ರಶ್ನೆ ತಲೆಗೆ ಹೊಕ್ಕ ದಿನದಿಂದ ನಾನು ಸಂಶಯದ ಮನುಷ್ಯನಾದೆ. ಅದಕ್ಕೆ ಮೊದಲು ಹಾಗಿರಲಿಲ್ಲ ಎಂದು ನಾನು ಹೇಳುತ್ತೇನೆ. ನನ್ನ ಹೆಂಡತಿ ಸುಶೀಲಾ ಇದನ್ನು ಒಪ್ಪುವುದಿಲ್ಲ.

ಎಂಬತ್ತರ ದಶಕದ ಮಾತು. ನಮ್ಮ ಮನೆ ನಿಪ್ಪಾಣಿಯಲ್ಲಿ, ನನ್ನ ಗುಮಾಸ್ತಿಕೆ ಚಿಕ್ಕೋಡಿಯಲ್ಲಿ. ಒಂದು ಬೆಳಿಗ್ಗೆ ನೋಡುತ್ತೇನೆ, ಮುಂಗೈ ಮೇಲೆ ಸಾಲುಹಿಡಿದು ಕೆಂಪು ಗುಳ್ಳೆಗಳು ಎದ್ದಿವೆ. ಸೊಳ್ಳೆ ಇರಬೇಕು ಅಂದೆ. ಆದರೆ ಸೊಳ್ಳೆ ಸಿಕ್ಕಲ್ಲಿ ಕಚ್ಚಿ ಹಾರಿಹೋಗುವ ಪ್ರಾಣಿ, ಹೀಗೆ ಶಿಸ್ತಾಗಿ ಸಾಲಿನಲ್ಲಿ ಕಚ್ಚುವ ತಾಳ್ಮೆ ಅದಕ್ಕೆಲ್ಲಿ? ದಿಂಬಿನ ಚೀಲದ ಮೇಲೆ ಪೆನ್ನು ಸೋರಿದಂಥ ಸಣ್ಣ ಸಣ್ಣ ಕರಿಚುಕ್ಕೆಗಳಿದ್ದವು. ಸುಶೀಲಾಳ ತಲೆಪಿನ್ನು ತೆಗೆದುಕೊಂಡು ಗಾದಿಯ ಹೊಲಿಗೆಯ ಸಂದಿಯಲ್ಲಿ ಆಡಿಸಿದೆ. ಕೊಳೆತ ಕೊತ್ತಂಬರಿಯಂಥ ಒಂದು ವಾಸನೆ ಬಂತು. ಅದರ ಹಿಂದೆಯೇ ಪಿನ್ನಿನ ತುದಿ ಹಿಡಿದು ಹುಣಸೆಬೀಜದ ಬಣ್ಣದ ಚಪ್ಪಟೆ ಪ್ರಾಣಿಯೊಂದು ಯಾವ ಗಡಿಬಿಡಿಯೂ ಇಲ್ಲದೆ ಹೊರಗೆ ಬಂತು.

ನನ್ನ ಮೊದಲ ಸಂಶಯ ಸುಶೀಲಾಳ ತಮ್ಮನ ಮೇಲೆ ಹೋಯಿತು. ರಾಯಬಾಗದ ಆತ ಮಿರಜ ಸುತ್ತಿ, ರೈಲಿನಲ್ಲೂ ಬಸ್ಸಿನಲ್ಲೂ ಹಾಸಿಗೆ ಸುತ್ತಿದ ಹೋಲ್ಡಾಲು ಹೊತ್ತುಕೊಂಡು ಹಿಂದಿನ ವಾರವಷ್ಟೇ ಬಂದು ಹೋಗಿದ್ದ. "ನಿನ್ನ ತಮ್ಮನ ಹೋಲ್ಡಾಲ ಭಾಳ ಹಳೇದ ಕಾಣಸ್ತೈತಿ ಅಲ್ಲ?" ಎಂದೆ, ಸಾಧ್ಯವಾದಷ್ಟು ಮೆತ್ತಗೆ.

"ನಿಮ್ಮ ಚಿಕ್ಕೋಡಿ ಬಸ್ಸಿನ ಸೀಟ ಏನ ನಿನ್ನೆ ಹೊಲಿಸ್ಯಾರೇನ್ರಿ?" ಎಂದಳು ಸುಶೀಲಾ. ಅಂದರೆ ಅವಳೂ ಆಗಲೇ ಯೋಚನೆ ಮಾಡಿದ್ದಳು. ಅಂದಿನಿಂದ ನಾನು ಕಚೇರಿಯಿಂದ ಬಂದ ಕೂಡಲೇ ನನ್ನ ಪ್ಯಾಂಟು ಅಂಗಳದ ಗೂಟಕ್ಕೆ ಹೋಗುತ್ತಿತ್ತು, ನಾನು ಟವೆಲ್ಲು ಸುತ್ತಿಕೊಂಡು ಮನೆಯೊಳಗೆ ಬರುತ್ತಿದ್ದೆ.

ಬೇರೆಯವರ ಮನೆಯಾಗಿದ್ದರೆ ಮುಂದಿನ ದಾರಿ ಸುಲಭವಿತ್ತು. ಮಂಚದ ಸಂದಿಗೆ ಕುದಿಯುವ ನೀರು ಹೊಯ್ಯುತ್ತಾರೆ, ಸೀಮೆಎಣ್ಣೆ ಬಿಡುತ್ತಾರೆ, ಗಾದಿಯನ್ನು ಬಿಸಿಲಿಗೆ ಹಾಕಿ ಕೋಲಿನಿಂದ ಬಡಿಯುತ್ತಾರೆ, ಪಂಪು ತಂದು ಔಷಧ ಹೊಡೆಯುತ್ತಾರೆ. ನಾವು ಜೈನರು. ನಮ್ಮವ್ವ ನೀರನ್ನು ಸೋಸದೆ ಕುಡಿದವಳಲ್ಲ, ಹೊತ್ತು ಮುಳುಗಿದ ಮೇಲೆ ಉಂಡವಳಲ್ಲ. "ಅವೂ ಜೀವಾನ ಅಲ್ಲೇನೋ? ನಿನ್ನ ಹಂಗ ಹೊಟ್ಟಿಪಾಡಿಗೆ ಬಂದಾವ" ಎಂದಳು. ಬಿಸಿಲಿಗೆ ಹಾಕಿದರೆ ಒಣಗಿ ಸಾಯುತ್ತವೆ ಎಂದು ಅದಕ್ಕೂ ಬೇಡ ಅಂದಳು. ಅದೇನೋ ಒಳ್ಳೆಯದೇ ಆಯಿತು ಅನ್ನಿ. ಮಾಳಿಗೆಯ ಮೇಲೆ ಗಾದಿ ಹರವಿದರೆ ಓಣಿಗೆಲ್ಲ ಡಂಗುರ ಹೊಡೆದಂತೆ. ಕಡೆಗೆ ಉಳಿದದ್ದು ಒಂದೇ ಉಪಾಯ. ಬಣ್ಣ ಬಳಿಯುವ ಸಣ್ಣ ಬ್ರಶ್ಶಿನಿಂದ ಅವನ್ನು ನಯವಾಗಿ ಗುಡಿಸಿ ಖಾಲಿ ಕಡ್ಡಿಪೆಟ್ಟಿಗೆಗೆ ತುಂಬಿಕೊಂಡು, ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯ ಬೇಲಿಯಲ್ಲಿ ಬಿಟ್ಟುಬರುವುದು. ಸಂಜೆ ನಾನು ಮನೆ ಮುಟ್ಟುವುದಕ್ಕೆ ಮೊದಲೇ ಅವು ಮುಟ್ಟಿರುತ್ತಿದ್ದವು ಎಂದು ನನಗೆ ಈಗಲೂ ಗುಮಾನಿ.

ಇಷ್ಟೇ ಆಗಿದ್ದರೆ ಕೆರೆದುಕೊಂಡು ಸುಮ್ಮನಿರಬಹುದಿತ್ತು. ಆದರೆ ಅದೇ ಹೊತ್ತಿಗೆ ನನ್ನ ತಂಗಿ ವಿಮಲಾಳಿಗೆ ಕಾಗವಾಡದ ಸಂಬಂಧ ಬಂತು. ದ್ರಾಕ್ಷಿ ತೋಟದ ಮನೆತನ, ನಮ್ಮವರೇ. ಹುಡುಗ ಬಂದು ಹುಡುಗಿಯನ್ನು ನೋಡಿ ಹೋಗಿದ್ದ. ಹುಡುಗನ ದೊಡ್ಡಪ್ಪ ಆದಗೌಡರು ಬಂದು ಮಾತು ಮುಗಿಸಿ ಸಕ್ಕರೆ ಬಾಯಿಗೆ ಹಾಕಿಕೊಳ್ಳುವುದೊಂದು ಬಾಕಿ ಇತ್ತು. ಇದಕ್ಕೆ ಹಿಂದಿನ ವರ್ಷ ಬಂದ ಸಂಬಂಧದವರು "ಮತ್ತೊಮ್ಮೆ ಬರೂಣು" ಎಂದು ಹೇಳಿ ಹೋದವರು ಇತ್ತ ತಲೆ ಹಾಕಿರಲಿಲ್ಲ. ಆಗ ವಿಮಲಾ ಏನೂ ಅಂದಿರಲಿಲ್ಲ. ಈ ಸಲ ಮಾತ್ರ ಅಡುಗೆಮನೆಯ ಬಾಗಿಲಲ್ಲಿ ನನ್ನನ್ನು ತಡೆದು, "ಅಣ್ಣಾ, ನನಗ ಈ ಮನಿ ಮನಸಿಗೆ ಬಂದೈತಿ. ಏನೂ ಎಡವಟ್ಟ ಆಗಬಾರದ ನೋಡು" ಎಂದಳು. ಅವಳು ಹಾಗೆ ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ಬೀಗರು ಕೂಡುವ ಗಾದಿಯಲ್ಲಿ ತಿಗಣೆ ಇದ್ದರೆ ಎಂಥ ಸಂಬಂಧವಾದರೂ ಎದ್ದು ಹೋಗುತ್ತದೆ.

ಉಪಾಯ ಅವ್ವನೇ ಹೇಳಿದಳು. "ತಂಬಾಕದ ಪುಡಿ ಹಾಕ್ರಿ. ವಾಸನಿಗೆ ತಾವಾ ಎದ್ದ ಹೋಗ್ತಾವ, ಕೊಲ್ಲೂದ ಬ್ಯಾಡ." ನಿಪ್ಪಾಣಿಯಲ್ಲಿ ತಂಬಾಕು ಹುಡುಕಬೇಕೆ? ತಂಬಾಕು ಕೂಡಿಡುವ ವಖಾರದಿಂದ ಒಂದು ಚೀಲ ಪುಡಿ ಬಂತು. ಗಾದಿಯ ಕೆಳಗೆ, ಜಮಖಾನೆಯ ಕೆಳಗೆ, ಲೋಡಿನ ಗವಸಿನೊಳಗೆ ಎಲ್ಲ ಕಡೆ ಉದುರಿಸಿ, ಮೇಲೆ ಹಾಲಿನಂಥ ಬಿಳಿ ಚಾದರ ಹಾಸಿದೆವು. ನಾವೆಲ್ಲ ಕೂತು ನೋಡಿದೆವು, ಹೊರಳಿ ನೋಡಿದೆವು. ಏನೂ ಗೊತ್ತಾಗಲಿಲ್ಲ. ಗೊತ್ತಾಗುವುದಾದರೂ ಹೇಗೆ? ತೊಟ್ಟಿಲಲ್ಲಿದ್ದಾಗಿನಿಂದ ತಂಬಾಕಿನ ಗಾಳಿ ಕುಡಿದ ಮೂಗುಗಳು ನಮ್ಮವು. ಕಾಗವಾಡದ ಮೂಗು ದ್ರಾಕ್ಷಿಯ ಮೂಗು ಎನ್ನುವುದು ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಆದಗೌಡರು ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಂದರು. ಬಿಳಿ ಧೋತರ, ಬಿಳಿ ಅಂಗಿ, ಬಿಳಿ ಟೋಪಿ. ಜೊತೆಗೆ ಅವರ ತಂಗಿ ಸೋನಾಬಾಯಿ. ಜಯ ಜಿನೇಂದ್ರ ಎಂದು ಕೈಮುಗಿದು ಆದಗೌಡರು ಗಾದಿಯ ಮೇಲೆ, ಸೋನಾಬಾಯಿ ಬಾಗಿಲ ಬದಿಯ ಚಾಪೆಯ ಮೇಲೆ ಕುಳಿತರು. ಕೂತು ಸ್ವಲ್ಪ ಹೊತ್ತಾಗಿತ್ತು, ಆದಗೌಡರು ತಟ್ಟನೆ ಟೋಪಿ ತೆಗೆದು ಚಾದರದ ಮೇಲೆ ಬೋರಲು ಇಟ್ಟು, ಅದರ ಮೇಲೆ ಬಲಗೈ ಊರಿದರು. ಊರಿದ ಕೈ ಮತ್ತೆ ಎತ್ತಲಿಲ್ಲ. ಚಹಾ ಕೊಟ್ಟರೆ ಎಡಗೈಯಿಂದಲೇ ಬಸಿ ಹಿಡಿದು ಕುಡಿದರು. ನನಗೆ ಸಂಶಯ ಶುರುವಾಯಿತು. ಇಷ್ಟು ತಿಳಿದ ಹಿರಿಯರು ಎಡಗೈಯಲ್ಲಿ ಚಹಾ ಕುಡಿಯುವುದೆಂದರೇನು? ಬಲಗೈಯಲ್ಲಿ ಏನಾದರೂ ಊನವೇ? ವಂಶದ ಊನವಾದರೆ ಹುಡುಗನಿಗೂ ಇರಬೇಕಲ್ಲ! ಬಾಗಿಲ ಮರೆಗೆ ಹೋಗಿ ಸುಶೀಲಾಳಿಗೆ, "ಅವರ ಬಲಗೈ ನೋಡಿದೇನು?" ಎಂದು ಪಿಸುಗುಟ್ಟಿದೆ. "ನೀವು ಸುಮ್ಮನ ಹೋಗಿ ಕೂಡ್ರಿ ಮಾರಾಯ್ರ" ಎಂದಳು.

ಹೊತ್ತು ಇಳಿಯುತ್ತಿತ್ತು. ಸೂರ್ಯ ಮುಳುಗುವುದರೊಳಗೆ ಅವರ ಊಟ ಆಗಬೇಕು, ಅದಕ್ಕೆ ಮೊದಲು ಮಾತು ಮುಗಿಯಬೇಕು. ಅವ್ವ ಸಕ್ಕರೆಯ ಬಟ್ಟಲು ಹಿಡಿದು ನಿಂತಿದ್ದಳು. ಆದಗೌಡರು ಗಂಟಲು ಸರಿಮಾಡಿಕೊಂಡು, "ನಮಗ ಹುಡುಗಿ ಪಸಂದ ಅದಾಳ್ರಿ. ಇನ್ನ ಹೇಳೂದ ಏನಂದ್ರ..." ಎಂದವರು ಮನೆ ಅದುರುವಂತೆ ಸೀನಿದರು.

"ಅಣ್ಣಾ, ತಡಿ" ಎಂದರು ಸೋನಾಬಾಯಿ. ಎಲ್ಲರೂ ಒಂದೊಂದು ಗುಟುಕು ನೀರು ಕುಡಿದೆವು. ಆದಗೌಡರು ಮತ್ತೆ "ಇನ್ನ ಹೇಳೂದ..." ಎಂದರು, ಮತ್ತೆ ಸೀನಿದರು. ಸೋನಾಬಾಯಿಯ ಮುಖ ಸಣ್ಣದಾಯಿತು. "ಇದು ನನಗ ಛಲೋ ಕಾಣವಲ್ದು. ಏಳಣ್ಣಾ, ಮತ್ತೊಮ್ಮೆ ಬರೂಣು."

ಮತ್ತೊಮ್ಮೆ ಬರೂಣು! ಬಾಗಿಲ ಹಿಂದೆ ವಿಮಲಾಳ ಬಳೆಯ ಸದ್ದು ನಿಂತುಹೋಯಿತು. ಅಪಶಕುನವೇ ಇರಲಿ ಎಂದು ಸುಮ್ಮನಿದ್ದರೆ ಸಂಬಂಧ ಹೋಗುತ್ತದೆ, ತಂಬಾಕು ಅಂದರೆ ಮಾನ ಹೋಗುತ್ತದೆ, ಅದರ ಹಿಂದೆ ಸಂಬಂಧವೂ ಹೋಗುತ್ತದೆ. "ಅದು ಏನಿಲ್ರಿ... ನಮ್ಮ ನಿಪ್ಪಾಣಿ ಗಾಳಿನ ಹಂಗ್ರಿ" ಎಂದು ತೊದಲಿದೆ. ಸೋನಾಬಾಯಿ ನನ್ನನ್ನು ದಿಟ್ಟಿಸಿ ನೋಡಿದರು. "ಗಾಳಿ ನಿಮಗೂ ಅದಾ ಅಲ್ರಿ? ನೀವ್ಯಾಕ ಸೀನವಲ್ರಿ?" ಸಂಶಯದಲ್ಲಿ ನನ್ನನ್ನು ಮೀರಿಸಿದವರನ್ನು ಅಂದೇ ನಾನು ಮೊದಲು ಕಂಡದ್ದು.

ಆಗ ವಿಮಲಾ ಹೊರಗೆ ಬಂದಳು. ಮುಖ ಕೆಂಪಾಗಿತ್ತು, ದನಿ ಮಾತ್ರ ನಡುಗಲಿಲ್ಲ. "ಅಪಶಕುನ ಅಲ್ರಿ ಮಾವಶಿ, ತಂಬಾಕ. ಗಾದಿ ಕೆಳಗ ಹಾಕೇವ್ರಿ."

"ಗಾದಿ ಕೆಳಗ ತಂಬಾಕ ಯಾಕವಾ?"

"ತಗಣಿ ಆಗ್ಯಾವ್ರಿ ನಮ್ಮನ್ಯಾಗ."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದಗೌಡರು ವಿಮಲಾಳನ್ನೊಮ್ಮೆ, ತಮ್ಮ ಕೈಯನ್ನೊಮ್ಮೆ ನೋಡಿ, ಮೆಲ್ಲಗೆ ಟೋಪಿ ಎತ್ತಿದರು. ಬಿಳಿ ಚಾದರದ ಮೇಲೆ ಹುಣಸೆಬೀಜದ ಬಣ್ಣದ ಒಂದು ಪ್ರಾಣಿ ಕಣ್ಣುಕತ್ತಲೆ ಬಂದಂತೆ ನಿಂತಿತ್ತು.

"ಹಂಗಾರ ಇದು ನಿಮ್ದೇನ್ರಿ?" ಎಂದರು. ಅವರ ದನಿಯಲ್ಲಿ ಎಂಥ ನಿರಾಳ! "ನನ್ನ ಧೋತರದಾಗಿಂದ ಬಿತ್ತು ಅಂತ ತಿಳದ ಇಷ್ಟೊತ್ತ ಕೈ ಊರಿ ಕೂತೇನ್ರಿ. ಕೊಲ್ಲಾಕ ಬರೂದಿಲ್ಲ, ಬಿಡಾಕ ಬರೂದಿಲ್ಲ. ಕೈ ಜುಂ ಹಿಡದೈತಿ."

"ಅಣ್ಣಾ! ನಮ್ಮ ಮನಿದ ಯಾಕ ಇಲ್ಲಿ ಹೇಳ್ತಿ!" ಎಂದು ಸೋನಾಬಾಯಿ ಚೀರಿದರು. ಚೀರಿದ ಮೇಲೆ ತಾವು ಏನು ಹೇಳಿಬಿಟ್ಟೆವೆಂದು ತಿಳಿದು ಬಾಯಿಗೆ ಸೆರಗು ಹಿಡಿದರು. ಮೊದಲು ನಕ್ಕವಳು ನಮ್ಮವ್ವ. ಆಮೇಲೆ ಯಾರು ನಕ್ಕರು, ಯಾರು ಸೀನಿದರು ಗೊತ್ತಾಗಲಿಲ್ಲ. ನಗುನಗುತ್ತಲೇ ಸಕ್ಕರೆ ಹಂಚಿ ಆಯಿತು, ಬಿಸಿಲಿರುವಾಗಲೇ ಊಟಕ್ಕೆ ಎಲೆ ಬಿತ್ತು. ವಿಮಲಾ ಬಡಿಸುವಾಗ ಅವಳ ಕಣ್ಣುಗಳು ಒದ್ದೆಯಾಗಿದ್ದವು. ತಂಬಾಕಿಗೆ ಅಲ್ಲ ಎನ್ನುವುದು ನನಗೆ ಗೊತ್ತಿತ್ತು.

ಆದರೂ ನನ್ನ ಸಂಶಯ ಒಂದು ಉಳಿದುಬಿಟ್ಟಿತು. ಆ ಪ್ರಾಣಿಯನ್ನು ಎತ್ತಲೆಂದು ನಾನು ಬ್ರಶ್ಶು ತರಲು ಒಳಗೆ ಹೋಗಿದ್ದೆ. ಬರುವಷ್ಟರಲ್ಲಿ ಆದಗೌಡರು ಅಂಗಿಯ ಜೇಬಿನಿಂದ ಒಂದು ಖಾಲಿ ಕಡ್ಡಿಪೆಟ್ಟಿಗೆ ತೆಗೆದು, ಪಳಗಿದ ಕೈಯಿಂದ ಅದನ್ನು ಒಳಗೆ ಸರಿಸಿ ಆಗಿತ್ತು. ಬೀಡಿ ಮುಟ್ಟದ ಮನುಷ್ಯನ ಜೇಬಿನಲ್ಲಿ ಖಾಲಿ ಕಡ್ಡಿಪೆಟ್ಟಿಗೆ ಯಾಕೆ? ಅದನ್ನು ಅವರು ಎಲ್ಲಿ ಬಿಟ್ಟರೋ ನಾನು ಕೇಳಲಿಲ್ಲ.

ಮದುವೆಯ ಮರುವರ್ಷ ತಂಗಿಯ ಮನೆಗೆ ಕಾಗವಾಡಕ್ಕೆ ಹೋದೆ. ಅವರು ಮಾಡಿದ ಉಪಚಾರ ಏನು ಹೇಳಲಿ! ಮನೆಯ ಗಂಡಸರೆಲ್ಲ ಗಾದಿಯ ಮೇಲೆ ಕೂತಿದ್ದರು. ನನಗೊಬ್ಬನಿಗೆ ಮಾತ್ರ ಕಬ್ಬಿಣದ ಕುರ್ಚಿ ತರಿಸಿ ನಡುವೆ ಹಾಕಿಸಿದರು. ನನ್ನ ಚೀಲವನ್ನು ಆದಗೌಡರು ತಾವೇ ಇಸಿದುಕೊಂಡು ಅಂಗಳದ ಗೂಟಕ್ಕೆ ಹಾಕಿದರು. ಹೆಣ್ಣು ಕೊಟ್ಟ ಮನೆಯವನಿಗೆ ಇಂಥ ಮರ್ಯಾದೆ ಎಲ್ಲಿ ಉಂಟು ಎಂದು ಎದೆಯುಬ್ಬಿಸಿ ಕೂತಿದ್ದೆ. ವಿಮಲಾ ಚಹಾ ಕೊಡಲು ಬಾಗಿದವಳು ನನ್ನ ಕಿವಿಯ ಹತ್ತಿರ, "ಅಣ್ಣಾ, ಭಾಳ ಹಿಗ್ಗಬ್ಯಾಡ. ನಿನ್ನ ಜೋಡಿ ಬಂದ್ರೂ ಕಬ್ಬಿಣದಾಗ ಅವು ಕೂಡೂದಿಲ್ಲ ಅಂತ ಹಾಕ್ಯಾರ" ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಏನು ಮಾತಾಡಲಿ? ಆ ಕುರ್ಚಿಯಲ್ಲಿ ಕೂಡುವ ಮೊದಲು ಬಗ್ಗಿ ಅದರ ಅಡಿ, ಸಂದಿ ಎಲ್ಲ ನೋಡಿಯೇ ನಾನು ಕೂತಿದ್ದೆ, ಹಾಗೆ ನೋಡುವುದನ್ನು ಮನೆಮಂದಿಯೆಲ್ಲ ನೋಡಿದ್ದರು.